ಬಟ್ಟೆಯ ಚಿತ್ತಾರಕ್ಕೂ ಒಡೆತನವಿದೆ

ಮಾನ್ಯ ಸಂಪಾದಕರೇ,

ಬಟ್ಟೆಯ ಮೇಲೆ ಒತ್ತುವ ಅಚ್ಚುಗಳಿಗೆ ಚಿತ್ರ ಬರೆಯುವುದು ನನ್ನ ವೃತ್ತಿ. ಕಳೆದ ವರ್ಷ ನನ್ನ ಹಿಪ್ಪುನೇರಳೆ ಎಲೆಯ ವಿನ್ಯಾಸವನ್ನು ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ಸೆರೆಹಿಡಿದುಕೊಂಡು ಹೋದರು. ಎರಡೇ ತಿಂಗಳಲ್ಲಿ ಅದೇ ಎಲೆ, ಅದೇ ಬಾಗು ಪಾಲಿಯೆಸ್ಟರ್ ಸೀರೆಗಳ ಮೇಲೆ ಯಂತ್ರದಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂತು. ಕೇಳಿದಾಗ, "ಎಲೆಗೆ ಯಾರಮ್ಮ ಒಡೆಯರು?" ಎಂದರು.

ಎಲೆಗೆ ಒಡೆಯರಿಲ್ಲ, ನಿಜ. ಆದರೆ ನಮ್ಮ ಶಿಡ್ಲಘಟ್ಟದ ತೋಟಗಳಲ್ಲಿ ಹಳೆಯ ನಾಟಿ ಗಿಡದ ಕವಲೊಡೆದ ಎಲೆಯನ್ನೂ ವಿ-1 ತಳಿಯ ಅಗಲವಾದ ಇಡೀ ಎಲೆಯನ್ನೂ ನೋಡಿ ನೋಡಿ ಬರೆದ ಹಾಳೆಗಳಲ್ಲಿ ಹೆಚ್ಚಿನವು ವ್ಯರ್ಥವಾಗುತ್ತವೆ. ಏಕೆಂದರೆ ಕಾಗದದ ಮೇಲೆ ಚೆಂದ ಕಾಣುವ ಸಣ್ಣ ನರಗಳು ಮರದ ಅಚ್ಚಿನಲ್ಲಿ ಬಣ್ಣ ತುಂಬಿ ಮುಚ್ಚಿಹೋಗುತ್ತವೆ. ಉಳಿದ ಚಿತ್ರವನ್ನು ನಾಲ್ಕಾಗಿ ಕತ್ತರಿಸಿ, ಹೊರಗಿನ ಮೂಲೆಗಳನ್ನು ಒಳಕ್ಕೆ ತಂದು ಜೋಡಿಸಿ, ನಡುವಿನ ಖಾಲಿಯನ್ನು ತುಂಬಿದಾಗಲೇ ಒಂದು ಅಚ್ಚಿನ ಅಂಚು ಮುಂದಿನದಕ್ಕೆ ಸಂದು ಕಾಣದಂತೆ ಕೂಡುತ್ತದೆ. ಮೇಜಿನ ಮೇಲೆ ಸರಿಯೆನಿಸಿದ್ದು ಸೀರೆಯ ಉದ್ದಕ್ಕೂ ಹರಡಿದಾಗ ಅಡ್ಡಪಟ್ಟೆಯಾಗಿ ಕಣ್ಣಿಗೆ ರಾಚಿದರೆ ಮತ್ತೆ ಮೊದಲಿನಿಂದ ಬರೆಯಬೇಕು. ಬಣ್ಣಕ್ಕೊಂದು ಅಚ್ಚು ಬೇರೆ. ಅಳಲೆಕಾಯಿ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯ ಮೇಲೆ ಕಬ್ಬಿಣ ಮತ್ತು ಬೆಲ್ಲ ಹುಳಿಸಿದ ನೀರು ಕಪ್ಪಾಗುತ್ತದೆ. ಪಟಿಕ ಒತ್ತಿದ ಕಡೆ ಮಾತ್ರ ಮಂಜಿಷ್ಠ ಬೇರಿನ ಕೆಂಪು ಗಟ್ಟಿಯಾಗಿ ಹಿಡಿಯುತ್ತದೆ. ಪಟಿಕಕ್ಕೆ ತನ್ನದೇ ಬಣ್ಣವಿಲ್ಲದ್ದರಿಂದ, ಕಾಣದ ಕೆಂಪನ್ನು ಮನಸ್ಸಿನಲ್ಲೇ ಕಂಡು ಬರೆಯಬೇಕಾಗುತ್ತದೆ. ನನ್ನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ.

2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆಯಿದೆ. ಆದರೆ ಸಾರ್ವಜನಿಕರ ಮುಂದಿಡುವ ಮೊದಲೇ ಅರ್ಜಿ ಸಲ್ಲಿಸಬೇಕು. ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಅದರ ಒಡೆಯರೋ ಅವರ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದರ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ. ಈ ಸಂಗತಿ ನನಗೆ ತಿಳಿದದ್ದು ಎಲೆ ಕೈಬಿಟ್ಟ ಮೇಲೆ.

ಆದ್ದರಿಂದ ಚಿಕ್ಕಬಳ್ಳಾಪುರದ ಜಿಲ್ಲಾ ಕೈಗಾರಿಕಾ ಕೇಂದ್ರವು ತಿಂಗಳಿಗೊಂದು ದಿನವಾದರೂ ಅಚ್ಚು, ನೇಯ್ಗೆ, ಕಸೂತಿಯ ಕಲಾವಿದರಿಗೆ ಈ ನಿಯಮಗಳನ್ನು ಕನ್ನಡದಲ್ಲಿ ವಿವರಿಸಿ, ಅರ್ಜಿ ತುಂಬಲು ನೆರವಾಗಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ನಂದಿಯ ಭೋಗನಂದೀಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು (ರಂಧ್ರ ಕೊರೆದ ಕಿಟಕಿಗಳನ್ನು) ನೋಡಿ ಬರೆಯುತ್ತಿರುವ ಹೊಸ ಚಿತ್ತಾರವೊಂದು ಈಗ ನನ್ನ ಮೇಜಿನ ಮೇಲಿದೆ. ಅರ್ಜಿ ಸಲ್ಲಿಸುವವರೆಗೆ ಅದನ್ನು ಯಾರಿಗೂ ತೋರಿಸುವುದಿಲ್ಲ.

– ಓರ್ವ ವಿನ್ಯಾಸ ಕಲಾವಿದೆ, ಶಿಡ್ಲಘಟ್ಟ