ತೋಟದ ಬದುಕಿನ ಮಕ್ಕಳ ಕಾದಂಬರಿ: ಅಂಕ ಕೊಡುವ ಮುಂಚೆ

ಮಕ್ಕಳ ಕಾದಂಬರಿಗಳನ್ನು ಓದಿ ಅಂಕ ಕೊಡುವ ಎಲ್ಲರಿಗೂ ನಮಸ್ಕಾರ. ಕತೆ ಶಿರಸಿ ಸೀಮೆಯ ಅಡಿಕೆ ತೋಟದ್ದಾದರೆ ಮೊದಲು ಅದರೊಳಗಿನ ಕೆಲಸ ಸರಿಯಿದೆಯೇ ನೋಡಿ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾಮುರುಗಾ ಆದರೆ ಮದ್ದು ತಳ ಹಿಡಿಯುತ್ತದೆ. ಮದ್ದಿಗೆ ಅದ್ದಿದ ಕತ್ತಿಯ ಅಲಗು ಕೆಂಪಾದರೆ ಸುಣ್ಣ ಸಾಲದು. ಒಳ್ಳೆಯ ಲೇಖಕರು ಇದನ್ನು ಪಾಠ ಮಾಡುವುದಿಲ್ಲ, ಆ ಕತ್ತಿಯನ್ನು ಮಗುವಿನ ಕೈಗೇ ಕೊಡುತ್ತಾರೆ. ನಮಗೆ ಬೇಕಾದ್ದು ಇದೇ.

ಬರೀ ಹಸಿರು, ಅಜ್ಜಿ, ಕರು ಅಂತಿದ್ದರೆ ಧಾರಾಳವಾಗಿ ಅಂಕ ಕಳೆಯಿರಿ. ಅಡಿಕೆ ಕೊನೆ (ಗೊನೆ) ಕೊಯ್ಯುವವರಿಗೆ ಹೆಸರಿದೆಯೇ, ಮಾತಿದೆಯೇ? ಕರು ಸತ್ತರೆ ಮುಚ್ಚಿಡದೆ ಹೇಳಿದೆಯೇ?

ಒಂದು ಅಧ್ಯಾಯವನ್ನು 10 ವರ್ಷದ ಮಗುವಿಗೆ ಗಟ್ಟಿಯಾಗಿ ಓದಿ, ಅದು ಎದ್ದುಹೋದ ಪುಟದ ಸಂಖ್ಯೆಯನ್ನು ಇಲ್ಲಿ ಹಾಕಿ.