ವಾಚನ ಕೇಳದ ವ್ಯಾಖ್ಯಾನಕಾರ: ರಾಘುವಿಗೆ ಒಂದು ಪತ್ರ

ಪ್ರೀತಿಯ ರಾಘು,

ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ನೀನು "ಇರು, ಆಮೇಲೆ ಮಾಡ್ತೀನಿ" ಅಂದೆ. ನಿನ್ನ "ಆಮೇಲೆ" ಎಷ್ಟು ದೂರದ್ದು ಅಂತ ನನಗೆ ಗೊತ್ತು, ಅದಕ್ಕೇ ಪತ್ರ. ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ, ಪಿಯುಸಿ ಮಕ್ಕಳಿಗೆ ಮನಶ್ಶಾಸ್ತ್ರ ಹೇಳಿಕೊಡುವ ಬೇರೆಯವರಿಗೂ ಒದಗಲಿ ಅಂತ. ಹೆದರಬೇಡ, ಎಂಟನೇ ನಂಬರ್ ರೂಮಿನ ತೆಂಗಿನಕಾಯಿ ವಿಷಯ ಎತ್ತುವುದಿಲ್ಲ.

ಮೊದಲ ಪಾಠ ಮನಶ್ಶಾಸ್ತ್ರಕ್ಕೆ ಪ್ರಯೋಗಶಾಲೆ ಕಟ್ಟಿದ ವುಂಟ್‌ನಿಂದ ಶುರು ಮಾಡಲೋ, ಮಿದುಳಿನಿಂದಲೋ ಅಂತ ಕೇಳಿದೆಯಲ್ಲ, ಎರಡೂ ಬೇಡ ಕಣೋ. ಒಂದು ಪ್ರಶ್ನೆಯಿಂದ ಶುರು ಮಾಡು. "ಯಾಕೆ ಹಾಗೆ ಮಾಡಿದೆ?" ಅಂತ ಕೇಳಿದರೆ ಮನುಷ್ಯ ಕೊಡುವ ಉತ್ತರವನ್ನು ಎಷ್ಟು ನಂಬಬಹುದು? ಈ ವಿದ್ಯೆಯಲ್ಲಿ ನಡೆದ ದೊಡ್ಡ ಜಗಳಗಳಲ್ಲಿ ಬಹುಪಾಲು ಈ ಪ್ರಶ್ನೆಯ ಸುತ್ತಲೇ ನಡೆದಿವೆ. ಪಠ್ಯಪುಸ್ತಕದಲ್ಲಿ ಮಾತ್ರ ಪಂಥಗಳು ರಾಜವಂಶಗಳ ಹಾಗೆ ಸಾಲಾಗಿ ಬರುತ್ತವೆ. ಕದಂಬರು ಹೋದರು, ಚಾಲುಕ್ಯರು ಬಂದರು. ಮಕ್ಕಳು ಇಸವಿ ಉರುಹೊಡೆದು ಅಂಕ ತಗೊಳ್ಳುತ್ತಾರೆ, ಒಬ್ಬರ ಮೇಲೊಬ್ಬರಿಗೆ ಸಿಟ್ಟು ಯಾಕೆ ಬಂತು ಅನ್ನುವುದು ಗೊತ್ತಾಗದೆ ಉಳಿಯುತ್ತದೆ.

1879ರಲ್ಲಿ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದಾಗ ಅವನು ಜಾಗ್ರತೆಯ ಮನುಷ್ಯ. ಒಂದು ಸದ್ದು, ಒಂದು ಬೆಳಕು, ಅದನ್ನೇ ಮತ್ತೆ ಮತ್ತೆ ಕೊಟ್ಟು ಆಗ ಆದ ಅನುಭವವನ್ನಷ್ಟೇ ಕೇಳುತ್ತಿದ್ದ. ಅವನ ಶಿಷ್ಯ ಟಿಚನರ್ ಅಮೆರಿಕದ ಕಾರ್ನೆಲ್‌ಗೆ ಹೋಗಿ ಅಂತರಾವಲೋಕನವನ್ನು, ಅಂದರೆ ತನ್ನ ಮನಸ್ಸಿನೊಳಗೆ ತಾನೇ ನೋಡಿ ಹೇಳುವುದನ್ನು, ಬಹಳ ದೂರ ಎಳೆದ. ಅವನ ಹತ್ತಿರ ತರಬೇತಾದವರು ಎದುರಿಗೆ ಬಾಳೆಹಣ್ಣಿಟ್ಟರೆ "ಬಾಳೆಹಣ್ಣು" ಅನ್ನುವ ಹಾಗಿಲ್ಲ. ಹಳದಿ, ನೀಳ, ಇಷ್ಟು ಹೊಳಪು, ಹೀಗೆ ಸಂವೇದನೆಗಳನ್ನು ಮಾತ್ರ ಬಿಡಿಸಿ ಹೇಳಬೇಕು. ವಸ್ತುವಿನ ಹೆಸರು ಬಾಯಿಗೆ ಬಂದರೆ ಅದು ತಪ್ಪು, ಆ ತಪ್ಪಿಗೊಂದು ಶಾಸ್ತ್ರೀಯ ಹೆಸರು ಬೇರೆ.

ಎಡವಟ್ಟಾದದ್ದು ಜರ್ಮನಿಯಲ್ಲೇ, ವೂರ್ಟ್ಸ್‌ಬರ್ಗ್‌ನಲ್ಲಿ. ಅಲ್ಲಿ ಮನಶ್ಶಾಸ್ತ್ರಜ್ಞ ಕುಲ್ಪೆಯ ಬಳಗದ ಮಾರ್ಬೆ ಅನ್ನುವವನು 1901ರಲ್ಲಿ ತೀರಾ ಸರಳವಾದ ಕೆಲಸ ಮಾಡಿಸಿದ. ಎರಡು ತೂಕ ಒಂದಾದ ಮೇಲೊಂದು ಎತ್ತಿ ಯಾವುದು ಭಾರ ಹೇಳಿ. ಉತ್ತರ ತಟ್ಟನೆ ಬರುತ್ತಿತ್ತು, ಸರಿಯಾಗಿಯೂ ಇರುತ್ತಿತ್ತು. ಆ ತೀರ್ಮಾನ ಹೇಗೆ ಬಂತು, ಒಳಗೆ ನೋಡಿ ಹೇಳಿ ಅಂದರೆ ಹೇಳುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಚಿತ್ರವಿಲ್ಲ, ಸಂವೇದನೆಯಿಲ್ಲ, ತೀರ್ಮಾನ ಮಾತ್ರ ಎದುರಿಗೆ ನಿಂತಿದೆ. ಚಿತ್ರವಿಲ್ಲದ ಆಲೋಚನೆಯೂ ಉಂಟು ಅಂತ ವೂರ್ಟ್ಸ್‌ಬರ್ಗ್‌ನವರು ಅಂದರು. ಸರಿಯಾಗಿ ನೋಡಿದರೆ ಚಿತ್ರ ಇದ್ದೇ ಇರುತ್ತದೆ ಅಂತ ಟಿಚನರ್ ಅಂದ. ಯಾರು ಸರಿ? ಒಬ್ಬರ ಒಳಗನ್ನು ಇನ್ನೊಬ್ಬರು ಇಣುಕಿ ನೋಡುವುದಕ್ಕೆ ಆಗದಿದ್ದಮೇಲೆ ತೀರ್ಪು ಕೊಡುವವರು ಯಾರು? ಮಕ್ಕಳ ಕೈಗೆ ಒಂದೊಂದು ಪುಸ್ತಕ ಕೊಟ್ಟು ಇದನ್ನು ಮಾಡಿಸು. ಭಾರ ಯಾವುದು ಅಂತ ಹೇಳುತ್ತಾರೆ, ಹೇಗೆ ಗೊತ್ತಾಯಿತು ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಮೌನದಿಂದ ಪಾಠ ಶುರು ಮಾಡಬಹುದು.

ಇಷ್ಟು ತಿಳಿದರೆ 1913ರಲ್ಲಿ ಜಾನ್ ವಾಟ್ಸನ್‌ಗೆ ಬಂದ ಸಿಟ್ಟು ತಾನಾಗಿ ಅರ್ಥವಾಗುತ್ತದೆ. ಪರೀಕ್ಷಿಸಲಾಗದ ಮಾತು ಸಾಕು, ಕಣ್ಣಿಗೆ ಕಾಣುವ ವರ್ತನೆಯನ್ನು ಮಾತ್ರ ಅಳೆಯೋಣ ಅಂದ. ಫ್ರಾಯ್ಡ್ ಬಳಗ ಇನ್ನೊಂದು ದಾರಿ ಹಿಡಿಯಿತು. ಮನುಷ್ಯ ಹೇಳುವ ಕಾರಣದ ಹಿಂದೆ ಬೇರೆಯದೇ ಕಾರಣ ಅಡಗಿದೆ, ಹೇಳಿದ್ದು ಮೇಲಿನ ಹೊದಿಕೆ ಅಂತ. ಮಾಡಿದ್ದಕ್ಕೆ ಒಪ್ಪುವಂಥ ಕಾರಣ ಹೊಂದಿಸುವುದಕ್ಕೆ 1908ರಲ್ಲಿ ಅರ್ನೆಸ್ಟ್ ಜೋನ್ಸ್ ಇಟ್ಟ ಹೆಸರನ್ನು ನಾವು ಸಮರ್ಥನೆ ಅಂತ ಓದಿದ್ದು. ಬಿಡಿ ಭಾಗಗಳಿಗಿಂತ ಇಡಿಯಾಗಿ ಕಾಣುವುದೇ ಮುಖ್ಯ ಅಂದ ಗೆಸ್ಟಾಲ್ಟ್‌ ಪಂಥದವರ ವಾದದ ದಿಕ್ಕೇ ಬೇರೆ, ಅವರನ್ನು ಗ್ರಹಿಕೆಯ ಪಾಠಕ್ಕೆ ಇಟ್ಟುಕೋ.

ಇದೆಲ್ಲ ದೂರದೇಶದ ವ್ಯಾಜ್ಯ ಅಂತ ಮಕ್ಕಳಿಗೆ ಅನ್ನಿಸಿದರೆ ನಿಮ್ಮೂರನ್ನೇ ತೋರಿಸು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಮಾಡಿ ಆಕಾಶವಾಣಿ ಅನ್ನುವ ಹೆಸರು ಬಳಕೆಗೆ ತಂದವರು. ರೇಡಿಯೋ ಹೆಸರು ಗೊತ್ತಿರುವವರಿಗೆಲ್ಲ ಅವರ ಮೂಲ ಕಸುಬು ಗೊತ್ತಿಲ್ಲ, ನನಗೆ ಅದೊಂದು ಬೇಜಾರು.

ಈಗ ಮಿದುಳಿಗೆ ಬಾ. ಎಡಭಾಗ ಲೆಕ್ಕಕ್ಕೆ, ಬಲಭಾಗ ಕಲೆಗೆ ಅನ್ನುವ ಪೋಸ್ಟರ್ ನಿಮ್ಮ ಕಾಲೇಜಿನ ಗೋಡೆ ಮೇಲಿದ್ದರೆ ಇವತ್ತೇ ತೆಗೆಸು. ಹಾಡುವಾಗಲೂ ಲೆಕ್ಕ ಮಾಡುವಾಗಲೂ ಎರಡೂ ಭಾಗ ದುಡಿಯುತ್ತವೆ. ಎರಡನ್ನೂ ಸೇರಿಸುವ ಕಾರ್ಪಸ್ ಕ್ಯಾಲೋಸಮ್‌ನಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬೋಗನ್ ಮತ್ತು ವೋಗೆಲ್ ಅನ್ನುವ ಶಸ್ತ್ರವೈದ್ಯರು, ಮದ್ದಿಗೆ ಬಗ್ಗದ ಮೂರ್ಛೆರೋಗ ತಡೆಯಲು ಒಬ್ಬ ರೋಗಿಯಲ್ಲಿ ಈ ಸೇತುವೆಯನ್ನು ಕತ್ತರಿಸಿದರು. ಸೆಳೆತ ಇಳಿಯಿತು. ಆತನ ಮಾತುಕತೆ, ನಡೆ ನುಡಿ ಮೊದಲಿನಂತೆಯೇ ಕಾಣುತ್ತಿತ್ತು. ರೋಜರ್ ಸ್ಪೆರಿ, ಅವನ ವಿದ್ಯಾರ್ಥಿ ಮೈಕೆಲ್ ಗಜಾನಿಗ ಪರೀಕ್ಷೆ ಮಾಡಿ ನೋಡಿದಾಗಲೇ ಒಳಗಿನ ಬಿರುಕು ಕಂಡದ್ದು. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು.

ಪರೀಕ್ಷೆಯ ವಿಧಾನವನ್ನು ಬೋರ್ಡ್ ಮೇಲೆ ಬರೆದೇ ತೋರಿಸು, ಮಕ್ಕಳು ಎಡವುವುದು ಇಲ್ಲೇ. "ಎಡಗಣ್ಣು ಕಂಡದ್ದು ಬಲ ಮಿದುಳಿಗೆ" ಅಂತ ಬರೆಯುತ್ತಾರೆ, ಅದು ತಪ್ಪು. ನೋಟ ನೆಟ್ಟ ಬಿಂದುವಿನ ಎಡಕ್ಕೆ ಇರುವುದೆಲ್ಲ, ಯಾವ ಕಣ್ಣಿಗೆ ಕಂಡರೂ, ಬಲಭಾಗಕ್ಕೆ ಹೋಗುತ್ತದೆ. ಬಲಕ್ಕೆ ಇರುವುದು ಎಡಭಾಗಕ್ಕೆ. ಹಾಗಾಗಿ ರೋಗಿ ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಚಿತ್ರವನ್ನು ಒಂದು ಪಕ್ಕದಲ್ಲಿ ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು ಮಿಂಚಿಸಬೇಕು. ಕಣ್ಣು ಅತ್ತ ಹೊರಳುವುದಕ್ಕೆ ಸುಮಾರು ಐದನೇ ಒಂದು ಸೆಕೆಂಡ್ ಬೇಕು. ಚಿತ್ರ ಅದಕ್ಕಿಂತ ಹೆಚ್ಚು ನಿಂತರೆ ಕಣ್ಣು ಹೊರಳಿ ಎರಡೂ ಭಾಗಕ್ಕೆ ಸುದ್ದಿ ಮುಟ್ಟುತ್ತದೆ, ಪ್ರಯೋಗ ಕೆಟ್ಟಿತು. ರೋಗಿ ಬಾಯಿಬಿಟ್ಟು ಹೆಸರು ಹೇಳಿದರೂ ಅಷ್ಟೇ, ಆ ಮಾತನ್ನು ಇನ್ನೊಂದು ಭಾಗ ಕೇಳಿಸಿಕೊಳ್ಳುತ್ತದೆ.

ಎಡಪಕ್ಕದಲ್ಲಿ "ಚಮಚ" ಅನ್ನುವ ಪದ ಮಿಂಚಿಸಿದರು ಅಂತಿಟ್ಟುಕೋ. ಏನು ಕಂಡಿತು ಅಂದರೆ "ಏನೂ ಇಲ್ಲ" ಅನ್ನುತ್ತಾನೆ. ಹೆಚ್ಚಿನವರಲ್ಲಿ ಮಾತಿನ ಜಾಗ ಎಡಭಾಗದಲ್ಲಿದೆ, ಅದಕ್ಕೆ ಸುದ್ದಿ ಬಂದಿಲ್ಲ. ಅದೇ ಹೊತ್ತಿಗೆ ಅವನ ಎಡಗೈ ಪರದೆಯ ಹಿಂದೆ ತಡಕಾಡಿ ಚಮಚವನ್ನೇ ಹಿಡಿದಿರುತ್ತದೆ.

1970ರ ದಶಕದಲ್ಲಿ ಗಜಾನಿಗ ಮತ್ತು ಲೆಡೂ ಇನ್ನೊಂದು ಹೆಜ್ಜೆ ಇಟ್ಟರು. ಒಬ್ಬ ಹುಡುಗನ ಎಡ ಮಿದುಳಿಗೆ ಕೋಳಿಯ ಕಾಲು ತೋರಿಸಿದರು, ಬಲ ಮಿದುಳಿಗೆ ಹಿಮ ತುಂಬಿದ ಮನೆಯಂಗಳ. ಎದುರಿಗಿದ್ದ ಚಿತ್ರಗಳಲ್ಲಿ ಹೊಂದುವುದನ್ನು ಆರಿಸು ಅಂದರು. ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಹಿಮ ಎತ್ತುವ ಸಲಿಕೆಯನ್ನು. ಎರಡೂ ಸರಿ. ಯಾಕೆ ಇವನ್ನೇ ಆರಿಸಿದೆ ಅಂತ ಕೇಳಿದರು. ಉತ್ತರ ಹೇಳಬೇಕಾದ ಎಡಭಾಗಕ್ಕೆ ಹಿಮದ ಸುದ್ದಿಯೇ ಗೊತ್ತಿಲ್ಲ. "ಗೊತ್ತಿಲ್ಲ" ಅನ್ನಬಹುದಿತ್ತು. ಅನ್ನಲಿಲ್ಲ. ಕೋಳಿಕಾಲಿಗೆ ಕೋಳಿ, ಕೋಳಿಗೂಡು ಬಳಿಯುವುದಕ್ಕೆ ಸಲಿಕೆ ಬೇಕಲ್ಲ, ಅಂದ. ತಡವರಿಸಲಿಲ್ಲ.

ಎಡಭಾಗದ ಈ ಕೆಲಸಗಾರನಿಗೆ ಗಜಾನಿಗ ಇಟ್ಟ "ಇಂಟರ್‌ಪ್ರಿಟರ್" ಅನ್ನುವ ಹೆಸರಿಗೆ ನಮ್ಮಲ್ಲಿ ತಯಾರಾದ ಪದ ಇದೆ, ವ್ಯಾಖ್ಯಾನಕಾರ. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಪದ್ಯವನ್ನು ಕಿವಿಯಾರೆ ಕೇಳಿ ಆಮೇಲೆ ಅರ್ಥ ಹೇಳುತ್ತಾರೆ. ಈ ಹುಡುಗನಲ್ಲಿ ವ್ಯಾಖ್ಯಾನಕಾರನಿಗೆ ವಾಚನವೇ ಕೇಳಿಸಿಲ್ಲ, ವ್ಯಾಖ್ಯಾನ ಮಾತ್ರ ನಿರರ್ಗಳ. ಹೀಗೆ ಕೂಲಂಕಷವಾಗಿ ಪರೀಕ್ಷೆಗೆ ಒಳಗಾದ ರೋಗಿಗಳು ಬೆರಳೆಣಿಕೆಯಷ್ಟು, ಅವರ ಮಿದುಳು ಮೂರ್ಛೆರೋಗದಿಂದ ನೊಂದದ್ದು ಅನ್ನುವುದನ್ನು ಮಕ್ಕಳಿಗೆ ಮರೆಯದೆ ಹೇಳು.

ಸೇತುವೆ ಗಟ್ಟಿಯಾಗಿರುವವರ ಕತೆಯೂ ಬೇರೆಯಲ್ಲ. ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ, ನಾಲ್ಕೂ ಒಂದೇ. ಯಾವುದು ಉತ್ತಮ ಅಂದರೆ ಬಲತುದಿಯದನ್ನು ಆರಿಸಿದವರು ಎಡತುದಿಯದನ್ನು ಆರಿಸಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಕಾರಣ ಕೇಳಿದರೆ ಇಟ್ಟ ಜಾಗದ ಮಾತನ್ನು ಯಾರೂ ತಾವಾಗಿ ಎತ್ತಲಿಲ್ಲ. 2005ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಹಾಲ್ ಬಳಗ ಎರಡು ಮುಖಗಳ ಫೋಟೋ ತೋರಿಸಿ ಚೆಂದದ್ದನ್ನು ಆರಿಸಲು ಹೇಳಿ, ಕೈಚಳಕದಿಂದ ಬೇಡವೆಂದ ಫೋಟೋವನ್ನೇ ಕೈಗೆ ಕೊಟ್ಟಿತು. ಹೆಚ್ಚಿನ ಸಲ ಅದಲುಬದಲಾದದ್ದು ಗಮನಕ್ಕೇ ಬರಲಿಲ್ಲ. ತಾವು ಆರಿಸದ ಮುಖವನ್ನು ಯಾಕೆ ಆರಿಸಿದೆವು ಅಂತ ವಿವರಿಸಿದರು.

ಇದನ್ನು ಎಷ್ಟು ಸಲ ಓದಿದ್ದೇನೆ, ಬೇರೆಯವರಿಗೆ ಹೇಳಿದ್ದೇನೆ. ಕಾಲುಚೀಲದ ಜನ ಬೇರೆ, ಫೋಟೋದ ಜನ ಬೇರೆ ಅಂತಲೇ ಇದ್ದೆ. ನಿನ್ನ ಪ್ರಶ್ನೆಗೆ ಟಿಪ್ಪಣಿ ಮಾಡಿಕೊಳ್ಳುವಾಗ "ಯಾಕೆ ಹಾಗೆ ಮಾಡಿದೆ?" ಅಂತ ಬರೆದು ಪೆನ್ನು ಅಲ್ಲೇ ನಿಂತಿತು. ನಿಮ್ಮಪ್ಪನ ವೈಕುಂಠ ಸಮಾರಾಧನೆಗೆ ನಾನು ಬರಲಿಲ್ಲ. ರಜೆ ಸಿಗಲಿಲ್ಲ ಅಂತ ನಿನಗೆ ಹೇಳಿದ್ದೆ, ಹೇಳುವಾಗ ಅದು ನಿಜ ಅಂತಲೇ ನಂಬಿದ್ದೆ. ನಾನು ರಜೆ ಕೇಳಿಯೇ ಇರಲಿಲ್ಲ, ರಾಘು. ಮತ್ತೆ ಯಾಕೆ ಬರಲಿಲ್ಲ? ನಿನ್ನ ಮುಖ ನೋಡಿ ಏನು ಮಾತಾಡಬೇಕು ಅಂತ ತಿಳಿಯದೆ ಹೆದರಿದೆ ಅಂತ ಈಗ ಅನ್ನಿಸುತ್ತದೆ. ಈ ಮಾತನ್ನೂ ಅದೇ ವ್ಯಾಖ್ಯಾನಕಾರ ಹೇಳಿಕೊಡುತ್ತಿದ್ದಾನೋ ಏನೋ, ಇದು ಕೇಳುವುದಕ್ಕೆ ಚೆನ್ನಾಗಿದೆ ಅನ್ನುವುದೇ ನನ್ನನ್ನು ಕಾಡುತ್ತಿದೆ. ಬರಲಿಲ್ಲ ಅನ್ನುವುದೊಂದು ಮಾತ್ರ ಖಚಿತ. ಅದಕ್ಕೆ ಕ್ಷಮಿಸು.

ಸರಿ, ಇಷ್ಟೆಲ್ಲ ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ. ಪಾಠಕ್ಕೆ ವಾಪಸ್ ಬರೋಣ.

ಮನುಷ್ಯನ ಮಾತೇ ಸುಳ್ಳು ಅಂತ ಮಕ್ಕಳು ತಿಳಿದುಕೊಳ್ಳಬಾರದು. ಎರಿಕ್ಸನ್ ಮತ್ತು ಸೈಮನ್ 1980ರಲ್ಲಿ ತೋರಿಸಿದ್ದು ನಮಗೆ ಕೈಗೆಟುಕುವ ದಾರಿ. ಲೆಕ್ಕ ಮಾಡುತ್ತಿರುವಾಗಲೇ ತಲೆಯಲ್ಲಿ ಬಂದದ್ದನ್ನು ಬಂದ ಹಾಗೆ ಜೋರಾಗಿ ಹೇಳಿಸಿದರೆ ಆ ಮಾತನ್ನು ಸಾಕಷ್ಟು ನಂಬಬಹುದು. ಮುಗಿದ ಮೇಲೆ "ಯಾಕೆ?" ಅಂತ ಕೇಳಿದಾಗಲೇ ವ್ಯಾಖ್ಯಾನಕಾರ ಎದ್ದು ನಿಲ್ಲುವುದು.

ಕಾಲುಚೀಲದ ಪ್ರಯೋಗಕ್ಕೆ ನಾಲ್ಕು ಬಿಳಿ ಕರವಸ್ತ್ರ ಸಾಕು, ಒಂದೇ ಕಂಪನಿ, ಒಂದೇ ಪ್ಯಾಕೆಟ್ಟಿನವು. ಗೇಣಿನ ಅಂತರದಲ್ಲಿ ಸಾಲಾಗಿಡು. ಒಬ್ಬೊಬ್ಬರನ್ನೇ ಒಳಗೆ ಕರೆ, ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬಿದ್ದರೆ ಎಲ್ಲರೂ ಅದನ್ನೇ ಹೇಳುತ್ತಾರೆ. "ಇವುಗಳಲ್ಲಿ ವ್ಯತ್ಯಾಸ ಇದೆಯಾ?" ಅಂತ ಕೇಳಬೇಡ, ಗುಟ್ಟು ರಟ್ಟಾಗುತ್ತದೆ. "ಯಾವುದರ ಬಟ್ಟೆ ಚೆನ್ನಾಗಿದೆ?" ಅನ್ನು. ಆರಿಸಿದ ಜಾಗ ಬರೆದುಕೋ, ಆಮೇಲೆ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೋ. ಹತ್ತು ಜನರಿಗೊಮ್ಮೆ ಕರವಸ್ತ್ರಗಳನ್ನು ಅದಲುಬದಲು ಮಾಡು, ಒಂದರಲ್ಲಿ ದಾರ ಎದ್ದಿದ್ದರೆ ಲೆಕ್ಕ ಹಾಳಾಗುತ್ತದೆ. ಮೂವತ್ತು ಜನಕ್ಕಿಂತ ಕಡಿಮೆ ಇದ್ದರೆ ಏನೂ ಹೇಳುವ ಹಾಗಿಲ್ಲ. ಬಲತುದಿಗೆ ಒಲವು ಕಾಣದಿದ್ದರೆ ಹಾಗೇ ಒಪ್ಪಿಕೋ, ಬಂದ ಅಂಕಿಯನ್ನೇ ಬೋರ್ಡ್ ಮೇಲೆ ಹಾಕು. "ಇದರ ನೇಯ್ಗೆ ಒತ್ತಾಗಿದೆ", "ಇದು ಬೆವರು ಹೀರುತ್ತೆ" ಅನ್ನುವ ಕಾರಣಗಳಂತೂ ಬಂದೇ ಬರುತ್ತವೆ. ಕೊನೆಗೆ ನಿಜ ಹೇಳಿಬಿಡು, ಯಾರದು ಯಾವ ಉತ್ತರ ಅಂತ ಮಾತ್ರ ಹೇಳಬೇಡ.

ಅದಕ್ಕೂ ಮುಂಚೆ ಐದು ನಿಮಿಷ ಕುರುಡು ಚುಕ್ಕೆ ತೋರಿಸು. ಕಾಗದದ ಎಡಕ್ಕೆ ಒಂದು ಗುಣಾಕಾರ ಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಅರ್ಧ ಸೆಂಟಿಮೀಟರ್ ಅಗಲದ ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಕಾಗದವನ್ನು ನಿಧಾನವಾಗಿ ಹತ್ತಿರ ತರಬೇಕು. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯ, ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ನೋಡುವ ಕೋಶಗಳಿಲ್ಲ. ಮಾಯವಾಗಲಿಲ್ಲ ಅನ್ನುವ ಹುಡುಗ ಕದ್ದು ಚುಕ್ಕೆ ನೋಡಿದ್ದಾನೆ, ಇಲ್ಲವೇ ತಪ್ಪು ಕಣ್ಣು ಮುಚ್ಚಿದ್ದಾನೆ. ಆಮೇಲೆ ಚುಕ್ಕೆಯ ಮೂಲಕ ಹಾಯುವ ಹಾಗೆ ಉದ್ದಕ್ಕೊಂದು ಗೆರೆ ಎಳೆಸಿ ಮತ್ತೆ ನೋಡಿಸು. ಚುಕ್ಕೆ ಹೋಗುತ್ತದೆ, ಗೆರೆ ಮಾತ್ರ ಎಲ್ಲೂ ತುಂಡಾಗದೆ ಇಡಿಯಾಗಿ ಕಾಣುತ್ತದೆ.

ಕರವಸ್ತ್ರ ನಾನೇ ತರುತ್ತೇನೆ. ಮುಂದಿನ ಭಾನುವಾರ ಬೆಳಗಿನ ರೈಲಿಗೆ ಹತ್ತುತ್ತೇನೆ, ಅಮ್ಮನಿಗೆ ಹೇಳಿಡು. ತೆಂಗಿನಕಾಯಿ ನೀನು ತಂದಿಡು.

ನಿನ್ನ,
ಶ್ರೀನಿ