ಗ್ಯಾರೇಜಿಗೆ ಮುಟ್ಟಿಸಬೇಕಾದ ಕಾರನ್ನು ಯಾರ್ಡಿನಲ್ಲಿ ಹಿಡಿದಿಟ್ಟುಕೊಂಡ ಬಗ್ಗೆ ದೂರು

ಇಂದ: ಕಾರಿನ ಮಾಲೀಕ, ತುಮಕೂರು

ಗೆ: ವ್ಯವಸ್ಥಾಪಕರು, ವಾಹನ ಟೋಯಿಂಗ್ ಸೇವೆ, ತುಮಕೂರು

ವಿಷಯ: ಕೆಎ-06 ನೋಂದಣಿಯ ನನ್ನ ಕಾರಿನ ಟೋಯಿಂಗ್‌ಗೆ ಒಪ್ಪಿದ ದರಕ್ಕಿಂತ ಹೆಚ್ಚಾಗಿ ವಸೂಲು ಮಾಡಿದ 6,994 ರೂಪಾಯಿಯ ಮರುಪಾವತಿ ಮತ್ತು ಹಾನಿಯ ಪರಿಹಾರ ಕೋರಿ.

ಮಾನ್ಯರೇ,

ಈ ತಿಂಗಳ ಎರಡನೇ ಶನಿವಾರ ಬೆಂಗಳೂರಿನಿಂದ ತುಮಕೂರಿಗೆ ಹಿಂದಿರುಗುತ್ತಿದ್ದಾಗ, ರಾತ್ರಿ ಎಂಟೂವರೆಯ ಸುಮಾರಿಗೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರೇಹಳ್ಳಿ ದಾಟುತ್ತಿದ್ದಂತೆ ನನ್ನ ಕಾರಿನ ರೇಡಿಯೇಟರ್ ಕೊಳವೆ ಒಡೆದು, ಬಾನೆಟ್ಟಿನಿಂದ ಹಬೆ ಎದ್ದು, ಗಾಡಿ ನಿಂತುಹೋಯಿತು. ಜೊತೆಗೆ ಎಪ್ಪತ್ತು ದಾಟಿದ ನನ್ನ ತಾಯಿ ಇದ್ದರು. ನಾಲ್ಕು ದಿನಗಳ ಹಿಂದಷ್ಟೇ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಅಂದು ತಪಾಸಣೆಗೆಂದು ಕರೆದೊಯ್ದಿದ್ದೆ. ಕಾರನ್ನು ರಸ್ತೆಯ ಅಂಚಿಗೆ ತಳ್ಳಿ, ಹಿಂದೆ ಕೆಂಪು ತ್ರಿಕೋನ ಇಟ್ಟು, ಹತ್ತಿರದ ಪಂಕ್ಚರ್ ಅಂಗಡಿಯ ಗೋಡೆಯ ಮೇಲೆ ಬರೆದಿದ್ದ ತಮ್ಮ ಸಂಖ್ಯೆಗೆ ಕರೆ ಮಾಡಿದೆ. ಹೆದ್ದಾರಿಯ ಸಹಾಯವಾಣಿ 1033 ಆ ಗಾಬರಿಯಲ್ಲಿ ನೆನಪಿಗೆ ಬರಲಿಲ್ಲ. ಅದು ನನ್ನ ತಪ್ಪು.

ಕರೆ ಸ್ವೀಕರಿಸಿದ ತಮ್ಮ ಸಿಬ್ಬಂದಿಗೆ ನಾನು ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಿದ್ದೆ: ಕಾರು ಆಟೋಮ್ಯಾಟಿಕ್ ಗೇರಿನದು, ಆದ್ದರಿಂದ ಇಡೀ ಕಾರನ್ನು ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಗಾಡಿಯೇ ಬೇಕು, ಅದನ್ನು ಬಟವಾಡಿಯಲ್ಲಿರುವ ನನ್ನ ಪರಿಚಯದ ಗ್ಯಾರೇಜಿಗೆ ಮುಟ್ಟಿಸಬೇಕು, ದರವನ್ನು ಈಗಲೇ ತಿಳಿಸಬೇಕು. 'ಎಲ್ಲಾ ಸೇರಿ ಎರಡು ಸಾವಿರದ ಎಂಟು ನೂರು' ಎಂಬ ಉತ್ತರ ಬಂತು. ಆ ಕರೆಯ ಧ್ವನಿಮುದ್ರಣ ನನ್ನ ಮೊಬೈಲಿನಲ್ಲಿದೆ. ಮುಕ್ಕಾಲು ಗಂಟೆಯೊಳಗೆ ತಮ್ಮ ಗಾಡಿ ಬಂದಿತೆಂಬುದನ್ನೂ, ರಾತ್ರಿ ಹೊತ್ತಿನಲ್ಲಿ ಅದು ದೊಡ್ಡ ಸಹಾಯವೇ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆದರೆ ಬಂದದ್ದು ಫ್ಲಾಟ್‌ಬೆಡ್ ಅಲ್ಲ, ಎರಡು ಚಕ್ರಗಳನ್ನು ಮಾತ್ರ ಎತ್ತಿ ಎಳೆದೊಯ್ಯುವ ಗಾಡಿ. ಚಾಲಕರು ಕಾರಿನ ಹಿಂಭಾಗವನ್ನು ಎತ್ತಲು ಹೊರಟಾಗ ನಾನು ತಡೆದೆ. ನನ್ನದು ಮುಂಚಕ್ರಗಳಿಂದ ಓಡುವ ಕಾರು. ಹಿಂಭಾಗ ಎತ್ತಿದರೆ ಆ ಚಕ್ರಗಳೇ ರಸ್ತೆಯಲ್ಲಿ ಉರುಳುತ್ತವೆ, ಎಂಜಿನ್ ನಿಂತಿರುವುದರಿಂದ ಗೇರ್‌ಬಾಕ್ಸಿನ ಎಣ್ಣೆಯ ಪಂಪು ತಿರುಗುವುದಿಲ್ಲ, ಎಣ್ಣೆ ತಲುಪದೆ ಒಳಗಿನ ಭಾಗಗಳು ಉಜ್ಜಿಹೋಗುತ್ತವೆ. ಕಾರಿನ ಕೈಪಿಡಿಯಲ್ಲಿಯೂ ಹಾಗೆ ಎಳೆಯಬಾರದೆಂದು ಎಚ್ಚರಿಕೆಯಿದೆ. 'ಏನೂ ಆಗಲ್ಲ ಸಾರ್, ದಿನಾ ಎಳೀತೀವಿ' ಎಂದ ಚಾಲಕರು, ನಾನು ಪಟ್ಟು ಹಿಡಿದ ಮೇಲೆ ಕಾರಿನ ಮುಂಭಾಗವನ್ನೇ ಎತ್ತಿದರು. ಕಬ್ಬಿಣದ ತೋಳನ್ನು ಕೆಳಗೆ ತೂರಿಸುವಾಗ ಬಂಪರಿನ ಎಡಮೂಲೆ ಚಟ್ಟೆಂದು ಸೀಳಿದ್ದನ್ನು ಟಾರ್ಚ್ ಬೆಳಕಿನಲ್ಲಿ ನಾವಿಬ್ಬರೂ ನೋಡಿದೆವು. ಅಲ್ಲಿಯೇ ಯುಪಿಐ ಮೂಲಕ 2,800 ರೂಪಾಯಿ ಕಳಿಸುತ್ತೇನೆಂದರೆ, 'ಗ್ಯಾರೇಜಿನಲ್ಲಿ ಇಳಿಸಿದ ಮೇಲೆ ಕೊಡಿ' ಎಂದರು. ಅಷ್ಟರಲ್ಲಿ ಕ್ಯಾತ್ಸಂದ್ರದಿಂದ ಬಂದ ಸಂಬಂಧಿಕರ ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಮನೆಗೆ ಹೊರಟೆ. ಅವರ ಔಷಧಿಯ ಚೀಲ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿಯೇ ಉಳಿಯಿತು.

ಭಾನುವಾರ ಬೆಳಿಗ್ಗೆ ಗ್ಯಾರೇಜಿನವರಿಗೆ ಫೋನ್ ಮಾಡಿದರೆ ಕಾರು ಬಂದೇ ಇಲ್ಲ. ವಿಚಾರಿಸಿದಾಗ ಅದು ಅಂತರಸನಹಳ್ಳಿ ಬಳಿಯ ತಮ್ಮ ಯಾರ್ಡಿನಲ್ಲಿದೆಯೆಂದು ತಿಳಿಯಿತು. ಹಿರೇಹಳ್ಳಿ ಕಡೆಯಿಂದ ಬರುವವರಿಗೆ ಬಟವಾಡಿ ಮೊದಲು ಸಿಗುತ್ತದೆ, ಕ್ಯಾತ್ಸಂದ್ರದಲ್ಲಿ ಬಿ.ಎಚ್. ರಸ್ತೆಗೆ ತಿರುಗಿದರೆ ಆಯಿತು. ತಮ್ಮ ಗಾಡಿ ಅಲ್ಲಿ ತಿರುಗದೆ, ಊರನ್ನು ಬಳಸಿಕೊಂಡು ಬೈಪಾಸಿನಲ್ಲಿ ಆಚೆ ತುದಿಗೆ ಹೋಗಿದೆ. ಯಾರ್ಡಿಗೆ ಹೋದಾಗ ಕಚೇರಿಗೆ ಬೀಗ ಹಾಕಿತ್ತು. ಕಾವಲುಗಾರರ ಫೋನಿನಲ್ಲಿಯೇ ತಮ್ಮ ಮೇಲ್ವಿಚಾರಕರೊಂದಿಗೆ ಮಾತನಾಡಿ, ಹಣವನ್ನು ಈಗಲೇ ಕಳಿಸುತ್ತೇನೆ, ಕಾರು ಬಿಡಿ ಎಂದೆ. ಸೋಮವಾರ ಬನ್ನಿ ಎಂದರು. ಹೋಗಲಿ, ತಾಯಿಗೆ ಎರಡು ಗಂಟೆಗೊಮ್ಮೆ ಕಣ್ಣಿಗೆ ಹಾಕಬೇಕಾದ ಹನಿಗಳಿವೆ, ಆ ಚೀಲವನ್ನಾದರೂ ತೆಗೆದುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. 'ಲೆಕ್ಕ ಚುಕ್ತಾ ಆಗೋವರೆಗೂ ಗಾಡಿ ಬಾಗಿಲು ತೆಗೆಯೋ ಹಾಗಿಲ್ಲ' ಎಂಬುದೇ ಉತ್ತರ. ಕಿಟಕಿಯ ಗಾಜಿನಾಚೆ ಆ ಹಸಿರು ಚೀಲವೂ, ಅದರಿಂದ ಅರ್ಧ ಹೊರಗಿಣುಕುತ್ತಿದ್ದ ಔಷಧಿ ಚೀಟಿಯೂ ಕಾಣುತ್ತಿತ್ತು, ಕಾರಿನ ಕೀಲಿ ನನ್ನ ಜೇಬಿನಲ್ಲಿತ್ತು. ಆಸ್ಪತ್ರೆಗೆ ಫೋನ್ ಮಾಡಿ, ಔಷಧಿಯ ಹೆಸರು ಬರೆದುಕೊಂಡು, ಭಾನುವಾರ ತೆರೆದಿರುವ ಅಂಗಡಿ ಹುಡುಕಿ ಹನಿ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಈ ಪತ್ರದಲ್ಲಿ ಹಣದ ಮಾತು ಬಹಳವಿದೆಯಾದರೂ, ನನಗೆ ಇಂದಿಗೂ ನುಂಗಲಾಗದಿರುವುದು ಆ ಬೆಳಗೇ.

ಸೋಮವಾರ ಹನ್ನೊಂದು ಗಂಟೆಗೆ ತಮ್ಮ ಕಚೇರಿಯಲ್ಲಿ ಕೊಟ್ಟ ಚೀಟಿಯ ಪ್ರಕಾರ ಟೋಯಿಂಗ್ 2,800, ರಾತ್ರಿ ಶುಲ್ಕ 1,500, ಹೆಚ್ಚುವರಿ ದೂರ 1,200, ಮೂರು ದಿನದ ಯಾರ್ಡ್ ಬಾಡಿಗೆ 1,800, 'ಪೊಲೀಸ್ ಕ್ಲಿಯರೆನ್ಸ್' 1,000, ಇವೆಲ್ಲದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,494, ಒಟ್ಟು 9,794 ರೂಪಾಯಿ. ಕಾರು ಬೇಕಾಗಿದ್ದುದರಿಂದ, ಚೀಟಿಯ ಮೇಲೆಯೇ 'ಆಕ್ಷೇಪಣೆಯೊಂದಿಗೆ ಪಾವತಿಸಿದೆ' ಎಂದು ಬರೆದು ಹಣ ಕೊಟ್ಟೆ.

ಕರೆ ಮಾಡಿದ್ದೇ ರಾತ್ರಿಯಲ್ಲಿ. ಆದ್ದರಿಂದ 'ಎಲ್ಲಾ ಸೇರಿ' ಎಂದ ಮೇಲೆ ರಾತ್ರಿ ಶುಲ್ಕ ಬೇರೆ ಎಲ್ಲಿಂದ ಬಂತು? ಹೆಚ್ಚುವರಿ ದೂರ ನಾನು ಕೇಳಿದ್ದಲ್ಲ, ತಮ್ಮ ಚಾಲಕರು ದಾರಿ ಬಿಟ್ಟು ಹೋದದ್ದು. ಯಾರ್ಡ್ ಬಾಡಿಗೆಯ ಮೂರು ದಿನಗಳಲ್ಲಿ ಮೊದಲನೆಯದು ಶನಿವಾರ ರಾತ್ರಿ ಹತ್ತೂವರೆಯಿಂದ ಹನ್ನೆರಡರವರೆಗಿನ ಒಂದೂವರೆ ಗಂಟೆ, ಎರಡನೆಯದು ತಮ್ಮ ಕಚೇರಿಯೇ ಮುಚ್ಚಿದ್ದ ಭಾನುವಾರ. ಚೀಟಿಯಲ್ಲಿ ತಮ್ಮ ಜಿಎಸ್‌ಟಿ ನೋಂದಣಿ ಸಂಖ್ಯೆಯಿಲ್ಲ. ನೋಂದಣಿಯಿಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ನೋಂದಣಿ ಇದ್ದರೆ ತೆರಿಗೆ ಬಿಲ್ಲನ್ನೇ ಕೊಡಬೇಕು. ನಿಯಮಬದ್ಧ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಹೇಳುತ್ತದೆ.

'ಪೊಲೀಸ್ ಕ್ಲಿಯರೆನ್ಸ್' ಎಂಬುದು ಇನ್ನೂ ವಿಚಿತ್ರ. ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ, ಇಲ್ಲವೇ ನಿಷೇಧವಿರುವ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ತೆಗೆಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ನಾನು ಕಾರಿನ ಪಕ್ಕದಲ್ಲಿಯೇ ನಿಂತಿದ್ದೆ, ಕರೆದವನೂ ನಾನೇ. ಅಲ್ಲಿಗೆ ಯಾವ ಪೊಲೀಸರೂ ಬರಲಿಲ್ಲ. ಆ ಸಾವಿರ ರೂಪಾಯಿ ಯಾವ ಠಾಣೆಯ ಯಾವ ಆದೇಶಕ್ಕೆ ಸಂದಿದೆಯೆಂಬುದನ್ನು ದಾಖಲೆ ಸಹಿತ ತಿಳಿಸಬೇಕು.

ಹಣ ಬರುವವರೆಗೆ ಗಾಡಿ ಹಿಡಿದಿಟ್ಟುಕೊಳ್ಳುವ ಹಕ್ಕು ತಮಗಿದೆಯೆಂದು ಕಚೇರಿಯಲ್ಲಿದ್ದವರು ವಾದಿಸಿದರು. 1872ರ ಕರಾರು ಕಾಯ್ದೆಯ 170ನೇ ಕಲಮು ಅಂಥದೊಂದು ಹಕ್ಕನ್ನು ಕೊಡುತ್ತದೆ, ನಿಜ; ಆದರೆ ವಸ್ತುವನ್ನು ಯಾವ ಉದ್ದೇಶಕ್ಕೆ ಒಪ್ಪಿಸಲಾಗಿತ್ತೋ ಅದಕ್ಕೆ ಅನುಗುಣವಾಗಿ ಸೇವೆ ಸಲ್ಲಿಸಿದವರಿಗೆ, ಆ ಸೇವೆಯ ನ್ಯಾಯವಾದ ಸಂಭಾವನೆಯ ಮಟ್ಟಿಗೆ ಮಾತ್ರ. ಬಟವಾಡಿಗೆ ಮುಟ್ಟಿಸಿ ಎಂದು ಒಪ್ಪಿಸಿದ ಕಾರನ್ನು ಅಂತರಸನಹಳ್ಳಿಗೆ ಒಯ್ದು, ಎರಡು ಬಾರಿ ಕೊಡಲು ಹೋದ ಸಂಭಾವನೆಯನ್ನು ಬೇಡವೆಂದು, ಆಮೇಲೆ ಹಿಡಿದಿಟ್ಟ ದಿನಗಳಿಗೇ ಬಾಡಿಗೆ ಕೇಳುವುದು ಆ ಹಕ್ಕಿನೊಳಗೆ ಬರುವುದಿಲ್ಲ. ತಾಯಿಯ ಔಷಧಿಯನ್ನಂತೂ ನಾನು ತಮಗೆ ಒಪ್ಪಿಸಿಯೇ ಇರಲಿಲ್ಲ.

ಆದ್ದರಿಂದ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ 6,994 ರೂಪಾಯಿಯನ್ನು ಹಿಂದಿರುಗಿಸಬೇಕು, ಉಳಿದ 2,800ಕ್ಕೆ ಸರಿಯಾದ ಬಿಲ್ಲು ಕೊಡಬೇಕು, ಬಂಪರ್ ದುರಸ್ತಿಗೆ ಗ್ಯಾರೇಜಿನವರು ಅಂದಾಜಿಸಿರುವ 3,200 ರೂಪಾಯಿಯನ್ನು ಭರಿಸಬೇಕು. ಗೇರ್‌ಬಾಕ್ಸಿಗೆ ಹಾನಿಯಾಗಿದೆಯೆಂದು ನಾನು ಈಗ ಆರೋಪಿಸುತ್ತಿಲ್ಲ. ಆದರೆ ನನ್ನ ಕಣ್ಣೆದುರು ಮುಂಭಾಗ ಎತ್ತಿ ಹೊರಟ ಕಾರು ಯಾರ್ಡಿನಲ್ಲಿ ಮುಂಭಾಗ ಗೋಡೆಗೆ ತಾಗುವಂತೆ ನಿಂತಿತ್ತು. ಒಳಗೆ ಅದನ್ನು ಹೇಗೆ ಎಳೆದು ತಿರುಗಿಸಲಾಯಿತೆಂಬುದನ್ನು ಲಿಖಿತವಾಗಿ ತಿಳಿಸಬೇಕು. ತಪಾಸಣೆಯ ವರದಿ ಬಂದ ಮೇಲೆ ಅದರ ವಿಚಾರ ಪ್ರತ್ಯೇಕವಾಗಿ ಬರೆಯುತ್ತೇನೆ.

ಉತ್ತರ ಬಾರದಿದ್ದಲ್ಲಿ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಐದು ಲಕ್ಷದೊಳಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನಾನೇ ವಾದಿಸಬಹುದು. ಚೀಟಿಯ ಪ್ರತಿ, ಯುಪಿಐ ಪಾವತಿಯ ವಿವರ, ಬಂಪರಿನ ಮೂರು ಫೋಟೋಗಳು ಮತ್ತು ಗ್ಯಾರೇಜಿನ ಅಂದಾಜು ಪಟ್ಟಿಯನ್ನು ಲಗತ್ತಿಸಿದ್ದೇನೆ. ಧ್ವನಿಮುದ್ರಣವನ್ನು ತಾವು ಬಯಸಿದಾಗ ಕೇಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರಿನ ಮಾಲೀಕ
ತುಮಕೂರು